ಕಂಬಳಿಯ ಮೇಲಿಟ್ಟ ಬಂದೂಕು

“ಬಂದೂಕು ಒಳಗ ಬ್ಯಾಡ್ರಿ, ಮಾವಾ.”

ಹೀಗೆ ಹೇಳಿದವಳು ನಾನೇ. ಶಾಲೆಯ ಗೇಟಿನಲ್ಲಿ ಹಾಜರಿ ಪುಸ್ತಕ ಹಿಡಿದು, ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ನಿಂತಿದ್ದೆ. ಮಾವ ಹಣಮಂತಪ್ಪ ಎದೆಯವರೆಗೆ ತೊಯ್ದಿದ್ದರು. ಎಡಗೈಯಲ್ಲಿ ಅತ್ತೆ ಸತ್ಯಮ್ಮನ ರಟ್ಟೆ, ಬಲಗೈಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬಂದೂಕು. ನೀರಿನಲ್ಲಿ ಬರುವಾಗ ಅದನ್ನು ತಲೆಗಿಂತ ಎತ್ತರಕ್ಕೆ ಹಿಡಿದಿದ್ದರಂತೆ. ಅತ್ತೆ ಎರಡು ಸಲ ಮುಗ್ಗರಿಸಿ ನೀರು ಕುಡಿದರೂ ಬಂದೂಕಿಗೆ ಮಾತ್ರ ಹನಿ ತಾಕಿರಲಿಲ್ಲ.

“ಗೊತ್ತದ ಯವ್ವಾ,” ಎಂದರು ಮಾವ. “ಸಾಲಿ ಆವಾರದೊಳಗ ಒಯ್ಯಾಂಗಿಲ್ಲ. ಕರಾರಿನಾಗ ಅದ. ನೀನೇ ಓದಿ ಹೇಳಿದ್ದಿ.”

ಹೌದು, ನಾನೇ ಓದಿ ಹೇಳಿದ್ದೆ. ಮಾವನಿಗೆ ಓದಲು ಬಾರದು. ಹೊಲಕ್ಕೆ ಹಂದಿ, ಕುರಿದಡ್ಡಿಗೆ ತೋಳ ಬರುವ ಕಾಲದಲ್ಲಿ, ಮೂವತ್ನಾಲ್ಕು ವರ್ಷದ ಹಿಂದೆ, ಬೀದರಿಗೆ ಹದಿನಾರು ಸಲ ಅಲೆದು ಆ ಒಂಟಿ ನಳಿಗೆಯ ಬಂದೂಕಿಗೆ ಲೈಸೆನ್ಸ್ ಮಾಡಿಸಿದ್ದರು. ಮದುವೆಯಾಗಿ ಬಂದ ಮೇಲೆ, ನವೀಕರಣವಾದಾಗಲೆಲ್ಲ ನನ್ನನ್ನು ಪಡಸಾಲೆಯಲ್ಲಿ ಕೂಡಿಸಿ, “ಕರಾರು ಓದು, ಜೋರಾಗಿ ಓದು, ನಿನ್ನ ಅತ್ತಿಗೂ ಕೇಳಲಿ,” ಎನ್ನುತ್ತಿದ್ದರು. ಜಾತ್ರೆಗೆ ಒಯ್ಯಬಾರದು. ಮೆರವಣಿಗೆಗೆ ಒಯ್ಯಬಾರದು. ಶಾಲೆಯ ಆವರಣದೊಳಗೆ ಒಯ್ಯಬಾರದು. ಇನ್ನೊಬ್ಬರ ಕೈಗೆ ಕೊಡಬಾರದು. ಕಳೆದರೆ ಕೂಡಲೇ ಠಾಣೆಗೆ ತಿಳಿಸಬೇಕು. ಬೇರೆಯವರು ಪುರಾಣ ಕೇಳಿದಂತೆ ಅವರು ಕಣ್ಣು ಮುಚ್ಚಿ ಇದನ್ನು ಕೇಳುತ್ತಿದ್ದರು. ಪ್ರತಿ ಚುನಾವಣೆಗೂ, ಆದೇಶ ಬಂದ ಮಾರನೇ ದಿನವೇ, ಔರಾದಿಗೆ ಹೋಗಿ ಬಂದೂಕು ಜಮಾ ಮಾಡಿ ರಸೀದಿ ತರುತ್ತಿದ್ದರು. ಆ ರಸೀದಿಗಳೆಲ್ಲ ಇನ್ನೂ ಒಂದು ತಗಡಿನ ಡಬ್ಬಿಯಲ್ಲಿವೆ.

ನಮ್ಮೂರು ಎಕಂಬಾದ ಆಚೆ, ಹಳ್ಳದ ತಗ್ಗಿನಲ್ಲಿದೆ. ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಮಾಂಜ್ರಾ ಹೊಳೆಯೇ ತುಂಬಿ ನಿಂತಾಗ ಹಳ್ಳದ ನೀರಿಗೆ ಹೋಗಲು ಜಾಗ ಉಳಿಯಲಿಲ್ಲ, ಅದು ಊರೊಳಗೆ ತಿರುಗಿತು. ದಿಬ್ಬದ ಮೇಲಿನ ಶಾಲೆಯೇ ಕಾಳಜಿ ಕೇಂದ್ರವಾಯಿತು. ನೋಡಿಕೊಳ್ಳಬೇಕಿದ್ದ ತಲಾಠಿ, ಅಂದರೆ ಊರ ಲೆಕ್ಕಾಧಿಕಾರಿ, ನೀರಿನ ಆಚೆ ಸಿಕ್ಕಿಬಿದ್ದು, “ಶೀತಲಾ ಮೇಡಂ, ನಾ ಬರೋತನಕ ನಿಮ್ಮ ಜಿಮ್ಮಾ,” ಎಂದು ಫೋನಿನಲ್ಲೇ ಒಪ್ಪಿಸಿದರು. ನಾನು ಅಂಗನವಾಡಿ ಕಾರ್ಯಕರ್ತೆ. ಮಕ್ಕಳ ತೂಕ ನೋಡುವುದು, ಮೊಟ್ಟೆ ಹಂಚುವುದು ನನ್ನ ಕೆಲಸ. ಆವತ್ತು ನೂರಾ ಹನ್ನೊಂದು ಮಂದಿಯ ಅನ್ನ, ಹಾಸಿಗೆ, ಜ್ವರ, ಜಗಳ ಎಲ್ಲವೂ ನನ್ನ ತಲೆಗೆ ಬಂದವು. ಅವರಲ್ಲಿ ನಲವತ್ತಕ್ಕಿಂತ ಹೆಚ್ಚು ಮಕ್ಕಳು, ನನ್ನ ಭಕ್ತಿ, ಆಶೀಷ ಇಬ್ಬರೂ ಸೇರಿ. ಗಂಡ ಸಂಜುಕುಮಾರ ಎರಡು ದಿನ ಮೊದಲೇ ಕುರಿ ಹೊಡೆದುಕೊಂಡು ಹಲಬರ್ಗಾದ ಎತ್ತರದ ಕಡೆ ಹೋಗಿದ್ದ.

ಭಕ್ತಿ ನಾಲ್ಕು ವರ್ಷದವಳಿದ್ದಾಗ ಒಮ್ಮೆ ಮೊಳೆಗೆ ತೂಗಿದ್ದ ಆ ಬಂದೂಕಿನ ಪಟ್ಟಿ ಹಿಡಿದು ಜೋತಾಡಿದ್ದಳು. ಆ ದಿನದಿಂದ ನನಗೆ ಅದನ್ನು ಕಂಡರಾಗದು. ಆದ್ದರಿಂದ ಗೇಟಿನಲ್ಲಿ ನಾನು ಆಡಿದ ಮಾತಿನಲ್ಲಿ ಕಾನೂನು ಎಷ್ಟಿತ್ತು, ಹಳೆಯ ಸಿಟ್ಟು ಎಷ್ಟಿತ್ತು, ಈಗ ಬೇರ್ಪಡಿಸಿ ಹೇಳಲಾರೆ.

ಅತ್ತೆ ಒಳಗೆ ಬಂದರು. ಮಾವ ಗೇಟಿನ ಹೊರಗೆ ಬೇವಿನ ಕಟ್ಟೆಯ ಮೇಲೆ, ಬಂದೂಕನ್ನು ಕಂಬಳಿಯೊಳಗೆ ಅಪ್ಪಿಕೊಂಡು ಕೂತರು.

ಕೇಂದ್ರದ ಕಾವಲಿಗೆ ಇದ್ದವನು ಒಬ್ಬನೇ, ಹೋಮ್ ಗಾರ್ಡ್ ಒವೈಸ. ಜನವಾಡದ ಹುಡುಗ. ಅವನ ಹತ್ತಿರ ಹೋದೆ.

“ತಮ್ಮಾ, ನೀ ಖಾಕಿ ಹಾಕಿದವ ಇದ್ದಿ. ನಮ್ಮ ಮಾವಂದು ಬಂದೂಕು ತಗೊಂಡು ಒಂದು ಚೀಟಿ ಬರದು ಕೊಡು.”

“ಅಕ್ಕಾ, ಈ ಲಾಠಿನೂ ನಂದಲ್ಲ, ಡ್ಯೂಟಿ ಮುಗದ ಮ್ಯಾಲ ವಾಪಸ್ ಕೊಡಬೇಕು. ನಾ ಬಂದೂಕು ಹ್ಯಾಂಗ ತಗೊಳ್ಳಲಿ?” ಎಂದ. ಆಮೇಲೆ ದನಿ ತಗ್ಗಿಸಿ, “ಬೇಕಾದ್ರ ರೇನ್‌ಕೋಟಿನಾಗ ಮುಚ್ಚಿ ಇಟ್ಕೋತೇನಿ. ಯಾರಿಗೂ ಗೊತ್ತಾಗಂಗಿಲ್ಲ,” ಎಂದ.

ಕಟ್ಟೆಯ ಮೇಲಿಂದ ಮಾವನಿಗೆ ಅದು ಕೇಳಿಸಿತು. “ಏ ಒವೈಸಾ, ಲೈಸನ್ ಇಲ್ಲದವನ ಕೈಯಾಗ ಕೊಟ್ರ ನಂದೂ ಜೇಲು, ನಿಂದೂ ಜೇಲು. ನಿಮ್ಮವ್ವ ನನಗ ಬೈಯಬೇಕೇನು?”

ಔರಾದಿನ ಠಾಣೆಗೆ ಫೋನ್ ಮಾಡಿದೆ. ಒಪ್ಪಿಸಿದರೆ ತೆಗೆದುಕೊಳ್ಳುತ್ತೇವೆ ಎಂದರು. ಆದರೆ ನಡುವಿನ ಸೇತುವೆಯ ಮೇಲೆ ಎರಡಾಳು ನೀರು. ಬೀದರಿಗೆ ಮಾಡಿದೆ. ಕಂಟ್ರೋಲ್ ರೂಮಿನವರು ಲೈಸೆನ್ಸ್ ವಿಭಾಗದ ನಂಬರ್ ಕೊಟ್ಟರು. ಅಲ್ಲಿ ಒಬ್ಬ ಹೆಣ್ಣುಮಗಳು ಪಾಪ ಸಮಾಧಾನದಿಂದ ಮಾತಾಡಿದಳು.

“ಹತ್ತಿರದ ಯಾವ ಠಾಣಿಗಾದ್ರೂ ಒಪ್ಪಿಸಿ ರಸೀದಿ ತಗೋಬಹುದ್ರಿ. ಇಲ್ಲಾ ಬೀದರದಾಗ ಲೈಸನ್ ಇರೋ ಬಂದೂಕಿನ ಅಂಗಡ್ಯಾಗ ಇಡಬಹುದು. ಹಂಗ ಇಡೋದಕ್ಕ ಕಾನೂನಿನಾಗ ಹಾದಿ ಅದ.”

“ಕಾನೂನಿನಾಗ ಅದರಿ. ನಮ್ಮೂರಾಗ ಹಾದಿ ನೀರಾಗ ಹೋಗ್ಯಾದ.”

“ಹಂಗಾದ್ರ ನೀರು ಇಳಿಯೋತನಕ ಅವರ ಹತ್ತಿರನೇ ಇರಬೇಕ್ರಿ.”

“ಅವರು ಸಾಲಿಯೊಳಗ ಬರಬಹುದೇನ್ರಿ, ಅದನ್ನ ತಗೊಂಡು?”

“ಇಲ್ರಿ. ಬರಾಂಗಿಲ್ಲ.”

“ಮನಿಯಾಗ ಇಡ್ಬೇಕಂದ್ರ ಮನಿ ಬಿದ್ದದ. ಊರಾಗ ಒಣಗಿದ್ದು ಈ ಸಾಲಿ ಒಂದೇ.”

ಆ ಕಡೆ ಕಾಗದ ತಿರುವುವ ಸದ್ದು ಬಹಳ ಹೊತ್ತು ಕೇಳಿತು. “ಅದಕ್ಕ ಕರಾರಿನಾಗ ಏನೂ ಬರದಿಲ್ರೀ ಅಕ್ಕಾ,” ಎಂದಳು. “ನಾಳಿಗಿ ಭಾಲ್ಕಿ ಕಡಿ ಹಾದಿ ಬಿಟ್ರ ಅಲ್ಲಿ ಕೊಡ್ರಿ. ಇವತ್ತೊಂದು ದಿನ ಹ್ಯಾಂಗಾರ ಮಾಡಿ…”

ಇವತ್ತೊಂದು ದಿನ ಎನ್ನುವುದು ಮಳೆಯಲ್ಲಿ ಕೂತ ಎಪ್ಪತ್ತೆರಡರ ಮುದುಕನಿಗೆ ಎಷ್ಟು ಉದ್ದ ಎಂದು ಆಕೆಗೆ ಹೇಗೆ ಹೇಳಲಿ.

ಒವೈಸ ಬೇವಿನ ಟೊಂಗೆಗೆ ತಾಡಪತ್ರಿ ಕಟ್ಟಿದ. ಗಾಳಿ ಅದನ್ನು ಅರ್ಧ ತಾಸಿನಲ್ಲಿ ಸೀಳಿ ಒಯ್ದಿತು. ಮಧ್ಯಾಹ್ನದ ಹೊತ್ತಿಗೆ ಮಾವನ ಕೆಮ್ಮು ಒಳಗಿನ ಕೋಣೆಗೂ ಕೇಳುತ್ತಿತ್ತು. ಅನ್ನ ಸಾರು ಒಯ್ದರೆ ತಾಟಿನಲ್ಲಿ ಮಳೆ ನೀರೇ ಹೆಚ್ಚಾಯಿತು. ಕಿಟಕಿಯಲ್ಲಿ ನೆರೆದವರ ಬಾಯಿ ಸುಮ್ಮನಿರಲಿಲ್ಲ.

“ಅರೆ ಹಣಮಂತಣ್ಣಾ,” ನೆರೆಮನೆಯ ಹಾಜಿರಾಬೀ ಕೂಗಿದಳು. “ಆ ಬಂದೂಕಿಗಿ ಕಂಬಳಿ ಹೊಚ್ಚಿ ನೀ ತೊಯ್ಸಿಕೊಳ್ಳಾಕತ್ತಿ. ಅದರ ಕೂಡ ಲಗ್ನ ಆಗಿದ್ದೀಯೇನು?”

“ಲಗ್ನ ಆಗಿದ್ರ ಬಿಡಬಹುದಿತ್ತು ಹಾಜಿರಾಬೀ. ಇದು ಸರ್ಕಾರದ ಲೈಸನ್,” ಎಂದರು ಮಾವ. ಎಲ್ಲರೂ ನಕ್ಕರು. ನಗುವಿನ ಕೊನೆಗೆ ಅವರಿಗೆ ಬಂದ ಕೆಮ್ಮು ನಿಲ್ಲಲಿಲ್ಲ. ನಗುತ್ತಿದ್ದವರು ಒಬ್ಬೊಬ್ಬರಾಗಿ ಕಿಟಕಿ ಬಿಟ್ಟರು.

ಮೂರು ಗಂಟೆಗೆ ನಾನು ಹಣೆ ಮುಟ್ಟಿ ನೋಡಿದೆ. ಸುಡುತ್ತಿತ್ತು. ತುಟಿ ನೀಲಿಗಟ್ಟಿತ್ತು. ಹಲ್ಲು ಕಟಕಟ ಎನ್ನುತ್ತಿದ್ದವು, ಬಂದೂಕು ಹಿಡಿದ ಕೈ ಮಾತ್ರ ಸಡಿಲಾಗಿರಲಿಲ್ಲ.

“ಮಾವಾ, ಕೈ ಮುಗೀತೇನಿ. ಒಳಗ ಬರ್ರಿ. ಬಂದೂಕು ತಂದ್ರೂ ಬರ್ರಿ. ಪುಸ್ತಕದಾಗ ನಾ ಬರ್ಯಂಗಿಲ್ಲ.”

“ನೀ ಬರೀಲಿಲ್ಲಂದ್ರ ಕರಾರು ಅಳಸ್ತದೇನು? ಅಷ್ಟು ಮಕ್ಕಳು ಅದಾವ ಒಳಗ. ನೀ ಬೆಳಿಗ್ಗಿ ಹೇಳಿದ್ದೇ ಖರೇ.”

ಆಗ ಅತ್ತೆ ಗೇಟಿನವರೆಗೆ ಬಂದರು. ನೀರು ಕುಡಿದ ಹೊಟ್ಟೆ ಹಿಡಿದುಕೊಂಡೇ ನಿಂತರು.

“ಬೀರದೇವರ ಗುಡಿಗಿ ಒಯ್ದು ಇಡು,” ಎಂದರು. “ಕಂಬಳಿ ಹಾಸು, ಭಂಡಾರ ಹಾಕು, ಅದರ ಮ್ಯಾಲ ಇಡು. ಯಾರು ಮುಟ್ತಾರ?”

ನಮ್ಮ ಕುರಿಗಾರರ ಮನೆಗಳಲ್ಲಿ ಇದು ಹಿರಿಯರಿಂದ ಬಂದದ್ದು. ದಸರೆ ಕಳೆದ ಮೇಲೆ ಮನೆಮಂದಿಯೆಲ್ಲ ಕುರಿಯ ಹಿಂದೆ ತೆಲಂಗಾಣದ ಕಡೆ ಹೋದರೆ ತಿಂಗಳುಗಟ್ಟಲೆ ಮನೆ ಖಾಲಿ. ಆಗ ಬೆಳ್ಳಿ ಕಡಗವಾಗಲಿ, ಹೊಲದ ಕಾಗದವಾಗಲಿ, ಬೀರದೇವರ ಮುಂದೆ ಕರಿ ಕಂಬಳಿ ಹಾಸಿ, ಸುತ್ತಲೂ ಅರಿಶಿನದ ಭಂಡಾರದ ಗೆರೆ ಎಳೆದು ಇಟ್ಟು ಹೋಗುತ್ತಾರೆ. ಗುಡಿಗೆ ಬಾಗಿಲಿಲ್ಲ, ಕೀಲಿಯಿಲ್ಲ. ಆ ಗೆರೆಯನ್ನು ದಾಟಿ ಯಾರಾದರೂ ಕೈ ಹಾಕಿದ ಕತೆ ಅತ್ತೆಯ ಅತ್ತೆಯ ಕಾಲದಿಂದಲೂ ಇಲ್ಲ. ಗುಡಿ ಇರುವುದು ಶಾಲೆಯಿಂದ ಎರಡು ಹೊಲದಾಚೆ, ಇನ್ನೊಂದು ದಿಬ್ಬದ ಮೇಲೆ. ಗುಡಿ ಎಂದರೂ ಕಲ್ಲಿನ ಗೂಡು, ಸೊಂಟದೆತ್ತರ. ದೇವರು, ದೀಪ, ಒಂದು ಕಂಬಳಿ ಹಿಡಿಸುತ್ತವೆ, ಮನುಷ್ಯ ಹಿಡಿಸುವುದಿಲ್ಲ.

ಮಾವ ಹೆಂಡತಿಯ ಮುಖ ನೋಡಿದರು. “ಇನ್ನೊಬ್ಬರ ಕೈಯಾಗ ಕೊಡಬಾರದು ಅಂತ ಅದಲ್ಲ ಸತ್ಯಾ?”

“ದೇವರು ಇನ್ನೊಬ್ಬರೇನು? ದೇವರಿಗಿ ಲೈಸನ್ ಬೇಕೇನು?”

ಮಾವ ನನ್ನತ್ತ ತಿರುಗಿದರು. ಕರಾರು ಓದಿ ಹೇಳುವವಳು ನಾನು. ನನಗೆ ಗೊತ್ತಿತ್ತು. ಕಾವಲಿಲ್ಲದ ಜಾಗದಲ್ಲಿ ಬಂದೂಕು ಬಿಡುವುದಕ್ಕೆ ಯಾವ ಕರಾರೂ ಒಪ್ಪುವುದಿಲ್ಲ. ಆದರೆ ಅವರ ಹಲ್ಲು ಕಟಕಟ ಎನ್ನುವುದು ಕೇಳುತ್ತಿತ್ತು. ಅಲ್ಲದೆ ನನಗೂ ಆ ಗೆರೆಯ ಮೇಲೆ ನಂಬಿಕೆ. ನನ್ನ ತಾಳಿಯ ಗುಂಡುಗಳೂ ಒಂದು ಬೇಸಿಗೆ ಅಲ್ಲಿದ್ದವು.

“ಇಡ್ರಿ ಮಾವಾ,” ಎಂದೆ. “ಒಂದು ರಾತ್ರಿ. ಜಿಮ್ಮೇದಾರಿ ನಂದು.”

ಅವರು ಎದ್ದರು. ಬಂದೂಕನ್ನು ನಡುವೆ ಬಾಗಿಸಿ ತೆರೆದು, ನಳಿಗೆ ಖಾಲಿ ಇದೆ ಎಂದು ಆಕಾಶಕ್ಕೆ ಹಿಡಿದು ನನಗೂ ತೋರಿಸಿದರು. ಐದು ತೋಟಾಗಳನ್ನು ಬೇರೆ ಅರಿವೆಯಲ್ಲಿ ಕಟ್ಟಿದರು. ಒವೈಸ ರಟ್ಟೆ ಹಿಡಿದು ಕರೆದೊಯ್ದ. ಮುಕ್ಕಾಲು ತಾಸಿಗೆ ಬರಿಗೈಯಲ್ಲಿ ಮರಳಿ, ಗೇಟಿನಲ್ಲಿ ಒಂದು ಕ್ಷಣ ನಿಂತು, ಒಳಗೆ ಕಾಲಿಟ್ಟರು. ಒಣ ಲುಂಗಿ ಉಡಿಸಿ, ಜ್ವರದ ಗುಳಿಗೆ ನುಂಗಿಸಿ, ಮೂರನೇ ತರಗತಿಯ ಕೋಣೆಯಲ್ಲಿ ಮಲಗಿಸಿದೆ. ಅಂಗೈ ಹಳದಿಯಾಗಿತ್ತು. ಆಶೀಷ ಅಜ್ಜನ ಬೆನ್ನಿಗೆ ಅಂಟಿಕೊಂಡು ಮಲಗಿದ. ನಾಲ್ಕು ದಿನದಲ್ಲಿ ನಾನು ಮೊದಲ ಸಲ ಕೂತೆ.

ಬೆಳಿಗ್ಗೆ ಮಳೆ ನಿಂತಿತ್ತು. ನಾನು ಎದ್ದಾಗ ಮಾವ ಹಾಸಿಗೆಯಲ್ಲಿರಲಿಲ್ಲ. ಒಲೆ ಹೊತ್ತಿಸುತ್ತಿರುವಾಗ ಗೇಟಿನ ಹೊರಗೆ ನಿಂತದ್ದು ಕಂಡಿತು. ಒಳಗೆ ಬರಲಿಲ್ಲ. ನಾನೇ ಹೋದೆ.

“ಶೀತಲಾ,” ಎಂದರು. “ದೇವರ ಹತ್ತಿರ ಇಲ್ಲ ಯವ್ವಾ.”

ನಾನು, ಒವೈಸ ಇಬ್ಬರೂ ಓಡಿದೆವು. ಕಂಬಳಿ ಇತ್ತು. ಭಂಡಾರದ ಗೆರೆ ಕಲಸಿಹೋಗಿತ್ತು. ಕಂಬಳಿಯ ಅಂಚಿನ ಮೇಲೆ ಬೂಟಿನ ಗುರುತು, ಸುತ್ತ ಕೆಸರಿನಲ್ಲಿ ಬಹಳ ಮಂದಿಯ ಹೆಜ್ಜೆ, ಸಣ್ಣ ಮಕ್ಕಳ ಹೆಜ್ಜೆಯೂ. ನಸುಕಿನಲ್ಲಿ ಆಚೆ ತಾಂಡಾದವರನ್ನು ದೋಣಿಯಲ್ಲಿ ತಂದು, ಸ್ವಲ್ಪ ಹೊತ್ತು ಇದೇ ದಿಬ್ಬಕ್ಕೆ ಇಳಿಸಿ ಮುಂದೆ ಒಯ್ದಿದ್ದರು ಎಂದು ಆಮೇಲೆ ತಿಳಿಯಿತು. ಆಗ ಗೊತ್ತಿರಲಿಲ್ಲ. ಆಗ ನಮ್ಮ ಕಣ್ಣ ಮುಂದೆ ಇದ್ದದ್ದು ಖಾಲಿ ಕಂಬಳಿ, ಮಕ್ಕಳ ಹೆಜ್ಜೆ, ಎಲ್ಲೋ ಇರುವ ಒಂದು ಬಂದೂಕು, ಐದು ತೋಟಾ.

ಆ ನಾಲ್ಕು ತಾಸು ಹೇಗೆ ಕಳೆದವು ಎಂದು ಬರೆಯಲು ನನಗೆ ಬರುವುದಿಲ್ಲ. ಮಾವ ಕೋಲಿನಿಂದ ಕೆಸರು ಕೆದರುತ್ತ ಹೊಲಹೊಲ ತಿರುಗಿದರು. ಹೆಸರಿನ ಬೆಳೆಯೆಲ್ಲ ಮಣ್ಣಿನಲ್ಲಿ ಮಲಗಿತ್ತು. ಅವರು ಅದನ್ನು ತುಳಿಯುತ್ತ ನಡೆದರು, ನೋಡಲೂ ಇಲ್ಲ. ದೂರದಲ್ಲಿ ಟ್ರ್ಯಾಕ್ಟರಿನ ಸೈಲೆನ್ಸರ್ ಢಂ ಎಂದರೂ ಬಂದೂಕಿನ ಸದ್ದೇ ಎನಿಸುತ್ತಿತ್ತು. ನಾನು ಒಳಗೆ ಹೋಗಿ ಮಕ್ಕಳ ತಲೆ ಎಣಿಸಿದೆ. ಮತ್ತೆ ಎಣಿಸಿದೆ.

“ಕಳೆದ್ರ ಕೂಡಲೇ ತಿಳಿಸಬೇಕು. ಫೋನ್ ಹಚ್ಚು,” ಎಂದರು ಮಾವ. ಹಚ್ಚಿದೆ. ನಂಬರು ಕೇಳಿದರು. ಬಂದೂಕಿನ ಮೇಲಿನ ನಂಬರನ್ನು ಮಾವ ನೋಡದೆ ಒಂದೊಂದೇ ಅಂಕಿಯಾಗಿ ಹೇಳಿದರು. ಓದಲು ಬಾರದವರು.

ಮಧ್ಯಾಹ್ನ ಫೋನು ಬಂತು. ದೋಣಿಯವರು ಬೇರೆ ರಾಜ್ಯದಿಂದ ಬಂದ ರಕ್ಷಣಾ ದಳದ ಮಂದಿ. ದೇವರ ಮುಂದೆ ಬಂದೂಕು, ತೋಟಾ, ಪಕ್ಕದಲ್ಲಿ ಚಳಿಗೆ ಮುದುಡಿ ಕೂತ ಮಕ್ಕಳು. ಎತ್ತಿಕೊಂಡು ಹೋಗಿ ತಮ್ಮ ಮೇಲಿನವರ ಮೂಲಕ ಭಾಲ್ಕಿಯಲ್ಲಿ ಒಪ್ಪಿಸಿದ್ದರು. ಅವರು ಮಾಡಿದ್ದು ಸರಿಯಾಗಿಯೇ ಇತ್ತು. ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ.

“ಸಿಕ್ತಲ್ಲ,” ಎಂದು ಮಾವ ಕಟ್ಟೆಯ ಮೇಲೆ ಕುಸಿದರು. “ಯಾರದೂ ಜೀವ ಹೋಗಲಿಲ್ಲಲ್ಲ.” ಆ ಮೇಲೆ ಏನು ಬರುವುದಿದೆ ಎಂದು ಅವರಿಗೂ ಗೊತ್ತಿತ್ತು.

ಹಾದಿ ಬಿಟ್ಟ ದಿನ ಹಲಬರ್ಗಾದವರೆಗೆ ಟ್ರ್ಯಾಕ್ಟರಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಭಾಲ್ಕಿಗೆ ಹೋದೆವು. ಸಂಜು ಕುರಿ ಬಿಟ್ಟು ಬರಲಾಗದೆ ತನ್ನ ಗೆಳೆಯ ವಸಂತನನ್ನು ಕಳಿಸಿದ್ದ. ವಸಂತ ಅಲ್ಲಿ ವಕೀಲರೊಬ್ಬರ ಹತ್ತಿರ ಕಾರಕೂನ. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಕೋರ್ಟಿನಲ್ಲಿ ಎರಡೂ. ಠಾಣೆಯ ಎದುರಿನ ಚಹಾದಂಗಡಿಯಲ್ಲಿ ನಮ್ಮನ್ನು ಕೂಡಿಸಿದ.

“ಕಾಕಾ, ನಾ ಹೇಳಿದಷ್ಟೇ ಹೇಳ್ರಿ. ಮನಿ ಬಿತ್ತು. ಬಂದೂಕು ನೀರಾಗ ತೇಲಿ ಹೋಯ್ತು. ಯಾರೋ ಹಿಡಿದು ಗುಡ್ಯಾಗ ಇಟ್ಟಾರ. ಮುಗೀತು. ಪ್ರವಾಹದಾಗ ಹೋದದ್ದಕ್ಕ ನಿಮ್ಮ ತಪ್ಪಿಲ್ಲ.”

“ಕಬ್ಬಿಣ ತೇಲ್ತದೇನೋ ವಸಂತಾ?”

“ಅಯ್ಯೋ ಬಾಬಾ, ಪ್ಲಾಸ್ಟಿಕ್ ಸುತ್ತಿತ್ತು ಅನ್ರಿ! ಖರೇ ಹೇಳಿದ್ರ ಕರಾರು ಮುರಿದಾಂಗ ಆಗ್ತದ. ಆರು ತಿಂಗಳ ತನಕ ಸಜಾ ಅದ ಅದಕ್ಕ. ಈ ವಯಸ್ಸಿನಾಗ ಬೇಕೇನು ನಿಮಗ?”

ಮಾವ ಬಸಿಯಲ್ಲಿ ಚಹಾ ಸುರಿದು ಕುಡಿದು, ಬಾಯಿ ಒರೆಸಿಕೊಂಡು ಎದ್ದರು.

ಠಾಣೆಯ ಸಾಹೇಬರು ವಯಸ್ಸಿನಲ್ಲಿ ಸಣ್ಣವರು. ಮಾವನಿಗೆ ಕುರ್ಚಿ ಹಾಕಿಸಿದರು. ಲೈಸೆನ್ಸ್ ಪುಸ್ತಕ ತಿರುವಿ ನೋಡಿ, “ಮೂವತ್ನಾಲ್ಕು ವರ್ಷದಾಗ ಒಂದು ಕೆಂಪು ಗೆರಿ ಇಲ್ಲಲ್ಲ ಅಜ್ಜಾ,” ಎಂದರು. ಆಮೇಲೆ ಕೇಳಿದರು, “ಯಾರ ಸುಪರ್ದಿಗಿ ಕೊಟ್ಟಿದ್ರಿ?”

“ಬೀರದೇವರ ಸುಪರ್ದಿಗಿ ಸಾಹೇಬ್ರ.”

ಬರೆಯುತ್ತಿದ್ದ ಪೇದೆ ತಲೆಯೆತ್ತಿ ಸಾಹೇಬರ ಮುಖ ನೋಡಿದ. ಯಾರೂ ನಗಲಿಲ್ಲ. ವಸಂತ ಬಾಗಿಲಿನಲ್ಲಿ ಹಣೆ ಚಚ್ಚಿಕೊಂಡ.

“ಅಲ್ಲಿ ಇಡು ಅಂತ ಯಾರಾದ್ರೂ ಹೇಳಿದ್ರೇನು?”

ನನ್ನ ಬಾಯಿ ತೆರೆದಿತ್ತು. ನಾನು ಹೇಳಬೇಕೆಂದೇ ಬಂದಿದ್ದೆ, ಬಸ್ಸಿನಲ್ಲಿ ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡೂ ಇದ್ದೆ. ಆದರೆ ಹಿಂದಿನ ದಿನ ಮೇಲ್ವಿಚಾರಕಿ ಮೇಡಂ ಫೋನು ಮಾಡಿದ್ದರು. “ಕೇಂದ್ರದ ಜಿಮ್ಮಾ ನಿಮ್ಮದಿತ್ತು. ಬಂದೂಕಿನ ವಿಷಯ ನಿಮಗ ಗೊತ್ತಿತ್ತು ಅಂತಾದ್ರ ನಿಮ್ಮ ನೌಕರಿ ನಾ ಉಳಸಲಾಕ ಆಗಂಗಿಲ್ಲ.” ಗೋಡೆ ಬಿದ್ದ ಮನೆ, ಕೊಳೆತ ಬೆಳೆ. ಮನೆಯಲ್ಲಿ ನಿಂತಿದ್ದದ್ದು ನನ್ನ ಆ ಕೆಲಸ ಒಂದೇ. ಭಕ್ತಿ, ಆಶೀಷ ಇಬ್ಬರ ಮುಖ ಬಂತು. ಬಾಯಿ ತೆರೆದದ್ದು ಹಾಗೆಯೇ ಉಳಿಯಿತು.

ಮಾವ ಒಂದು ಸಲ ನನ್ನನ್ನು ನೋಡಿದರು. ಸಾಹೇಬರ ಕಡೆ ತಿರುಗಿ, “ಯಾರೂ ಹೇಳಿಲ್ರಿ. ನನ್ನ ತಲಿ,” ಎಂದರು.

ನನಗೆ ತಿಳಿದ ಮಟ್ಟಿಗೆ ಅವರು ಸರ್ಕಾರದ ಮುಂದೆ ಆಡಿದ ಮೊದಲ ಸುಳ್ಳು ಅದು. ಕೆಳಗೆ ಹೆಬ್ಬೆಟ್ಟು ಒತ್ತಿದರು. ಕೇಸಾಯಿತು. ಜಾಮೀನಿನ ಮೇಲೆ ಸಂಜೆ ಬಿಟ್ಟರು. ಬಂದೂಕು ಅಲ್ಲೇ ಉಳಿಯಿತು.

ಊರಿಗೆ ಬಂದ ಮೇಲೆ ಮಾವ ಮನೆಯೊಳಗೆ ಬರಲಿಲ್ಲ. ಉಳಿದ ಎರಡು ಕೋಣೆಗಳ ಹೂಳು ತೆಗೆದು ಸಾರಿಸಿದೆವು. ಅವರು ಹೊರಗೆ ಕುರಿದಡ್ಡಿಯ ಕಲ್ಲಿನ ಮೇಲೆ ಕೂತರು, ಅಲ್ಲೇ ಮಲಗಿದರು. ಕೆಮ್ಮು ಹೋಗಲಿಲ್ಲ. ರೊಟ್ಟಿ ಒಯ್ದರೆ ಒಂದು ತುಣುಕು ಮುರಿದು ಉಳಿದದ್ದನ್ನು ನಾಯಿಗೆ ಹಾಕುತ್ತಿದ್ದರು. ಸಂಜು ಬೈದು ನೋಡಿದ. ಅತ್ತೆ ಅತ್ತು ನೋಡಿದರು. ನಾನು ಒಂದು ಸಂಜೆ, “ಒಳಗ ಬರ್ರಿ ಮಾವಾ, ಥಂಡಿ ಅದ,” ಎಂದೆ.

“ಒಳಗ ಬಂದದ್ದಕ್ಕೇ ಇಷ್ಟೆಲ್ಲ ಆಯ್ತು,” ಎಂದರು. ಸಿಟ್ಟಿನಿಂದಲ್ಲ. ಮಳೆ ಬರುತ್ತದೆ ಎಂದು ಹೇಳುವ ಹಾಗೆ.

ಇಪ್ಪತ್ತು ದಿನದ ಮೇಲೆ ಬೀದರದಿಂದ ನೋಟಿಸು ಬಂತು. ನಾನು ಮನಸ್ಸಿನಲ್ಲೇ ಓದಿಕೊಂಡೆ. ಲೈಸೆನ್ಸ್ ಯಾಕೆ ರದ್ದು ಮಾಡಬಾರದು, ಇಂಥ ದಿನ ಬಂದು ಹೇಳಿಕೆ ಕೊಡಬೇಕು. ಮಾವ ಅದನ್ನು ಓದು ಎನ್ನಲಿಲ್ಲ. ಮಡಚಿ ತಗಡಿನ ಡಬ್ಬಿಯಲ್ಲಿ ಇಟ್ಟರು. ಅವರು ಓದಿಸಿಕೊಳ್ಳದ ಮೊದಲ ಸರ್ಕಾರಿ ಕಾಗದ ಅದು.

ಆ ದಿನ ನಾನೂ ಅವರೂ ಬೀದರಿಗೆ ಹೋದೆವು. ಕಚೇರಿಯ ಮೊಗಸಾಲೆಯಲ್ಲಿ ಬಹಳ ಮಂದಿ ಕಾಯುತ್ತಿದ್ದರು. ಮಾವ ಒಗೆದ ಧೋತರ ಉಟ್ಟು, ತಲೆಗೆ ಪಟಗ ಸುತ್ತಿ, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತೂಕ ಎಷ್ಟು ಇಳಿದಿತ್ತೆಂದರೆ ಅಂಗಿಯ ಕೊರಳಪಟ್ಟಿಯಲ್ಲಿ ಇನ್ನೊಂದು ಕೊರಳು ಹಿಡಿಸುತ್ತಿತ್ತು. ಮಕ್ಕಳ ತೂಕ ನೋಡುವ ನನಗೆ ಇಂಥದ್ದು ಕಣ್ಣಿಗೆ ಬೀಳುತ್ತದೆ. ಈ ಮನುಷ್ಯ ಹೀಗೆಯೇ ಹೊರಗೆ ಕೂತರೆ ಸಂಕ್ರಾಂತಿ ಕಾಣುವುದಿಲ್ಲ ಎಂದು ಅಲ್ಲಿಯೇ, ಆ ಬೆಂಚಿನ ಮೇಲೆಯೇ, ನನಗೆ ಖಚಿತವಾಯಿತು.

ಹೆಸರು ಕೂಗಿದರು. ನಾನೂ ಎದ್ದೆ. ಮಾವ ನನ್ನ ಭುಜದ ಮೇಲೆ ಕೈಯಿಟ್ಟು ಕೂಡಿಸಿದರು.

“ನೀ ಹೊರಗ ಕೂಡು ಯವ್ವಾ. ಒಳಗ ಬರಬ್ಯಾಡ.”

ಬಾಗಿಲ ಪರದೆ ಅವರ ಹಿಂದೆ ಬಿತ್ತು. ನಾನು ಕೂತೆ. ಎಷ್ಟು ಹೊತ್ತು? ಎರಡು ನಿಮಿಷ ಇರಬಹುದು. ಒಳಗಿನಿಂದ ಕೆಮ್ಮು ಕೇಳಿತು, ನಿಲ್ಲದ ಕೆಮ್ಮು, ಬೇವಿನ ಕಟ್ಟೆಯ ಮೇಲಿನ ಆ ಕೆಮ್ಮೇ. ನಾನು ಪರದೆ ಸರಿಸಿ ಒಳಗೆ ಹೋದೆ. ಜವಾನ ತಡೆಯುವ ಮೊದಲೇ ಮಾತು ಬಾಯಿಂದ ಬಿದ್ದಿತ್ತು.

“ಸಾಹೇಬ್ರ, ಅಲ್ಲಿ ಇಡ್ರಿ ಅಂದಾಕಿ ನಾನು. ಜಿಮ್ಮೇದಾರಿ ನಂದು ಅಂದಿದ್ದೂ ನಾನೇ. ಅವರು ಮಳ್ಯಾಗೇ ಸಾಯಲಾಕ ತಯಾರಿದ್ರು.”

“ನೀವು ಯಾರಮ್ಮಾ?”

“ಸೊಸಿ. ಆ ಕೇಂದ್ರ ನೋಡ್ಕೊಂಡಾಕಿನೂ ನಾನೇ.”

ಚೀಲದಲ್ಲಿ ತಂದಿದ್ದ ಕೇಂದ್ರದ ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟೆ. ಆ ದಿನದ ಪುಟದಲ್ಲಿ ಎಲ್ಲವನ್ನೂ ಬರೆದಿದ್ದೆ. ಹಣಮಂತಪ್ಪ, ಬಂದೂಕು ಸಹಿತ ಗೇಟಿನ ಹೊರಗೆ. ಔರಾದಿಗೆ ಫೋನು, ಬೀದರಿಗೆ ಫೋನು, ಗಂಟೆ ಸಹಿತ. ಮೂರು ಗಂಟೆಗೆ ಜ್ವರ. ಅಲ್ಲಿಗೆ ಬರೆವಣಿಗೆ ನಿಂತಿತ್ತು. ಗುಡಿಯ ಮಾತು ಬರೆದಿರಲಿಲ್ಲ.

ಸಾಹೇಬರು ಕನ್ನಡಕ ತೆಗೆದು ಓದಿದರು. ಲೈಸೆನ್ಸ್ ವಿಭಾಗದ ಹೆಣ್ಣುಮಗಳನ್ನು ಕರೆಸಿದರು. ದನಿ ಕೇಳಿದ ಕೂಡಲೇ ನನಗೆ ಗುರುತಾಯಿತು. “ಹೌದು ಸರ್, ಇವರು ಫೋನು ಮಾಡಿದ್ರು. ಕರಾರಿನಾಗ ಉತ್ತರ ಇರಲಿಲ್ಲ,” ಎಂದಳು.

ಸಾಹೇಬರು ಪುಸ್ತಕ ಮುಚ್ಚಿ ಅಂದರು. “ಆ ದಿನ ಅವರಿಗಿದ್ದ ಎಲ್ಲಾ ಹಾದಿನೂ ಮುಚ್ಚಿತ್ತು. ಅದನ್ನ ನಾನು ಬರೀತೀನಿ. ಆದರೆ ಬಂದೂಕು ಇಟ್ಟ ಜಾಗ ತಪ್ಪೇ, ಅದನ್ನೂ ಬರೀಬೇಕಾಗ್ತದೆ. ಕೋರ್ಟು ತೀರ್ಮಾನ ಮಾಡೋತನಕ ಲೈಸೆನ್ಸ್ ರದ್ದಿಲ್ಲ, ಅಮಾನತು.” ನನ್ನ ಕಡೆ ನೋಡಿದರು. “ನಿಮ್ಮ ಹೇಳಿಕೆ ನಿಮ್ಮ ಇಲಾಖೆಗೆ ಹೋಗ್ತದಮ್ಮ. ತಡೆಯೋಕೆ ನನಗೆ ಬರಲ್ಲ.”

“ಹೋಗಲಿ ಸಾಹೇಬ್ರ,” ಎಂದು ಸಹಿ ಮಾಡಿದೆ.

ಬಸ್ ನಿಲ್ದಾಣಕ್ಕೆ ಬಂದೆವು. ಔರಾದಿನ ಬಸ್ಸಿಗೆ ಇನ್ನೂ ಸಮಯವಿತ್ತು. ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಮಾವ ಸಿಡಿದರು.

“ಯಾಕ ಹೇಳಿದಿ? ಒಂದು ಹೆಬ್ಬಟ್ಟು ಸಾಕಾಗಿತ್ತು. ಎರಡು ಮಕ್ಕಳ ತಾಯಿ ನೀ. ಬುದ್ಧಿ ಅದ ಏನು ನಿನಗ?”

ಅತ್ತೆ ಕಟ್ಟಿಕೊಟ್ಟ ಬುತ್ತಿ ಬಿಚ್ಚಿ ಅವರ ಮುಂದೆ ಇಟ್ಟೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಅವರು ಬಸ್ಸುಗಳನ್ನು ನೋಡುತ್ತ ಕೂತರು. ಕೆಮ್ಮಿದರು. ನಂತರ ಉಳ್ಳಾಗಡ್ಡಿಯನ್ನು ಬೆಂಚಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದರು. ಒಂದು ರೊಟ್ಟಿ ತಿಂದರು. ಇನ್ನೊಂದಕ್ಕೆ ಕೈ ಹಾಕಿದರು. ಸುತ್ತ ನಾಯಿಗಳಿದ್ದವು. ಯಾವುದಕ್ಕೂ ಹಾಕಲಿಲ್ಲ.

“ಹಿಂಡಿಗಿ ಉಪ್ಪು ಕಮ್ಮಿ ಆಗ್ಯಾದ,” ಎಂದರು.

“ಹೂಂ ರಿ.”

“ನಿನ್ನ ನೋಟಿಸು ಯಾವಾಗ ಬರ್ತದ?”

“ಎಂಟು ದಿನ ಆಗಬಹುದ್ರಿ.”

ಅವರು ಕೈ ಝಾಡಿಸಿಕೊಂಡು, ನನ್ನ ಕೈಯಲ್ಲಿದ್ದ ನೀರಿನ ಬಾಟಲಿ ತೆಗೆದುಕೊಂಡರು.

“ಬಂದ ದಿನ ಪಡಸಾಲ್ಯಾಗ ಕೂತು ಓದು. ನಾನೂ ಒಳಗ ಬಂದು ಕೇಳ್ತೇನಿ. ಜೋರಾಗಿ ಓದು, ನಿನ್ನ ಅತ್ತಿಗೂ ಕೇಳಲಿ.”